ಜಲಟಗರು: ಹೊಳೆಯ ನೀರು ಗುಡ್ಡವೇರಿದ ಚರಿತ್ರೆ

ಕಾಸರಗೋಡು ಸೀಮೆಯ ಗುಡ್ಡಗಾಡಿನಲ್ಲಿ ಬಾಳುವ ನಮಗೆ ನೀರಿನ ವಿಷಯದಲ್ಲಿ ಒಂದು ವಿಚಿತ್ರವಾದ ದಾರಿದ್ರ್ಯ ಪ್ರಾಪ್ತವಾಗಿದೆ. ವರ್ಷಕ್ಕೆ ಸುಮಾರು ೩೫೦೦ ಮಿಲಿಮೀಟರ್ ಮಳೆ ಸುರಿಯುವ ನಾಡು ಇದು. ಆಟಿ ತಿಂಗಳಲ್ಲಿ ಅಂಗಳವೇ ತೋಡಾಗಿ ಹರಿಯುವ ಮನೆಗಳು ಇಲ್ಲಿ ಎಷ್ಟೋ ಇವೆ. ಸುಗ್ಗಿ ಕಳೆದು ಪಗ್ಗು ಕಾಲಿಡುವ ಹೊತ್ತಿಗೆ ಅದೇ ಮನೆಗಳ ಹೆಂಗಸರು ಕೊಡಪಾನವನ್ನು ಸೊಂಟಕ್ಕಿಟ್ಟು ಗುಡ್ಡವಿಳಿಯುತ್ತಾರೆ. ನೀರೇ ಇಲ್ಲವೆಂದಲ್ಲ, ನೀರು ಕೆಳಗಿದೆ, ಮನೆ ಮೇಲಿದೆ. ನಡುವಣ ನೂರಿನ್ನೂರು ಅಡಿಯ ಏರು ಎಂಬುದೇ ನಮ್ಮ ಬರಗಾಲ.

ಈ ಏರಿಗೆ ನಮ್ಮ ಹಿರಿಯರು ಕಂಡುಕೊಂಡ ಉತ್ತರ ಬಹಳ ವಿವೇಕದ್ದು. ನೀರನ್ನು ಕೆಳಗಿನಿಂದ ಎತ್ತುವ ಗೊಡವೆಗೆ ಅವರು ಆದಷ್ಟು ಹೋಗಲಿಲ್ಲ; ಮೇಲಿನಿಂದ ಇಳಿಸಿಕೊಂಡರು. ಬಾಯಾರು, ಪೈವಳಿಕೆ, ಎಣ್ಮಕಜೆ, ಶೇಣಿ ಮೊದಲಾದ ಕಡೆಗಳಲ್ಲಿ ಕೆಂಪುಕಲ್ಲಿನ ಗುಡ್ಡದ ಹೊಟ್ಟೆಯನ್ನು ಆಳೆತ್ತರಕ್ಕೆ ಅಡ್ಡವಾಗಿ ಕೊರೆದು, ಒಳಗಿನ ಒರತೆ ತಾನಾಗಿ ಹೊರಗೆ ಹರಿದುಬರುವಂತೆ ಸುರಂಗಗಳನ್ನು ತೋಡಿದರು. ಹಾಗೆ ಬಂದ ನೀರನ್ನು ಅಡಕೆಮರದ ದಂಬೆಗಳಲ್ಲಿ ತೋಟಕ್ಕೂ ಬಚ್ಚಲಿಗೂ ಹಾಯಿಸಿದರು. ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಮಣ್ಣುಕಲ್ಲುಗಳ ಕಟ್ಟ ಕಟ್ಟಿ ನೀರಿನ ಮಟ್ಟವನ್ನೇ ಮೇಲಕ್ಕೆ ತಂದರು. ಏತವನ್ನು ಬಳಸಿದ್ದು ಆಳ ಕಡಿಮೆಯಿದ್ದ ಕೆರೆ ಬಾವಿಗಳಲ್ಲಿ ಮಾತ್ರ. ಮನುಷ್ಯನ ಬೆನ್ನೆಲುಬು ಎಷ್ಟನ್ನು ತಾಳೀತೆಂಬ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಎಲ್ಲ ಮನೆಗಳ ಮೇಲೂ ಒರತೆಯ ಗುಡ್ಡವಿರುವುದಿಲ್ಲ. ಕೆಳಗೆ ಹರಿಯುವ ತೋಡು ಒಂದೇ ಆಸರೆಯಾಗಿರುವವರಿಗೆ ಸುರಂಗದ ವಿದ್ಯೆ ನೆರವಾಗದು. ಅಂಥ ಕಡೆ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ: ಕಲ್ಲಿಂದ ಕಲ್ಲಿಗೆ ಧುಮುಕುತ್ತ ಹೋಗುವ ಈ ನೀರಿನಲ್ಲಿ ಅಷ್ಟೊಂದು ಬಲವಿರುವಾಗ, ಆ ಬಲದಿಂದಲೇ ಅದರ ಒಂದು ಪಾಲನ್ನು ಮೇಲಕ್ಕೆ ಏರಿಸಬಾರದೇಕೆ? ಎಣ್ಣೆಯಿಲ್ಲದೆ, ವಿದ್ಯುತ್ತಿಲ್ಲದೆ, ಎತ್ತಿಲ್ಲದೆ, ನೀರಿನಿಂದಲೇ ನೀರೆತ್ತುವ ಯಂತ್ರದ ಈ ಹಂಬಲ ನಮ್ಮಲ್ಲಿ ಹುಟ್ಟಿದ್ದೇನೂ ಅಲ್ಲ. ಅದಕ್ಕೆ ದೀರ್ಘವಾದ ಚರಿತ್ರೆಯುಂಟು. ಆ ಚರಿತ್ರೆಯಲ್ಲಿ ನಮಗೆ ಬೇಕಾದುದೆಷ್ಟು, ಬೇಡವಾದುದೆಷ್ಟು ಎಂಬುದನ್ನು ಎಣಿಸಿ ನೋಡುವ ಉದ್ದೇಶದಿಂದ ಈ ಕೆಲವು ಪುಟಗಳನ್ನು ಬರೆಯುತ್ತಿದ್ದೇವೆ.

ಹರಿಯುವ ನೀರಿನಿಂದ ಚಕ್ರ ತಿರುಗಿಸಿ, ಚಕ್ರದ ಅಂಚಿಗೆ ಕಟ್ಟಿದ ಪಾತ್ರೆಗಳಿಂದ ನೀರೆತ್ತುವುದು ಬಹು ಪುರಾತನವಾದ ಉಪಾಯ. ಸಿರಿಯಾ ದೇಶದ ಹಮಾ ಪಟ್ಟಣದಲ್ಲಿ ಒರೊಂಟಿಸ್ ನದಿಯ ದಡದ ಮರದ ಮಹಾಚಕ್ರಗಳು ಲೋಕಪ್ರಸಿದ್ಧವಾಗಿವೆ. ಅವುಗಳಲ್ಲಿ ದೊಡ್ಡದರ ವ್ಯಾಸ ಸುಮಾರು ೨೦ ಮೀಟರ್. ಆದರೆ ಚಕ್ರವು ನೀರನ್ನು ತನ್ನ ತಲೆಯ ಮಟ್ಟಕ್ಕಿಂತ ಮೇಲಕ್ಕೆ ಒಯ್ಯಲಾರದು. ಬಯಲುಸೀಮೆಯ ನದಿಗೆ ಅದು ಸಾಕು, ಗುಡ್ಡಕ್ಕೆ ಸಾಲದು. ಗುಡ್ಡವನ್ನು ಏರಬೇಕಾದರೆ ಚಕ್ರದಿಂದ ಪಂಪನ್ನು ನಡೆಸಬೇಕು. ಪಂಪು ಕೊಳವೆಯೊಳಗೆ ನೀರನ್ನು ದೂಡಬೇಕು.

ಈ ದಾರಿಯಲ್ಲಿ ಮನುಷ್ಯನು ಎಷ್ಟು ದೂರ ಹೋಗಬಲ್ಲನೆಂಬುದಕ್ಕೆ ಫ್ರಾನ್ಸಿನ ಮಾರ್ಲಿಯ ಯಂತ್ರಕ್ಕಿಂತ ಬೇರೆ ಸಾಕ್ಷಿ ಬೇಡ. ಹದಿನಾಲ್ಕನೆಯ ಲೂಯಿ ರಾಜನಿಗೆ ವರ್ಸೇಲ್ಸ್ ಮತ್ತು ಮಾರ್ಲಿ ಅರಮನೆಗಳ ಕಾರಂಜಿಗಳಿಗೆ ನೀರು ಬೇಕಾಯಿತು. ಸೇನ್ ನದಿ ಕೆಳಗೆ ಹರಿಯುತ್ತಿತ್ತು. ಲಿಯೇಜ್ ಪ್ರಾಂತದ ಆರ್ನೋಲ್ಡ್ ದ ವಿಲ್ ಮತ್ತು ರೆನ್ನೆಕಿನ್ ಸುವಾಲೆಮ್ ಎಂಬವರು ೧೬೮೧ರಲ್ಲಿ ಕೆಲಸ ಹಿಡಿದು ೧೬೮೪ರಲ್ಲಿ ಮುಗಿಸಿದರು. ನದಿಗೆ ಅಡ್ಡಲಾಗಿ ೧೪ ಜಲಚಕ್ರಗಳು, ಇನ್ನೂರಕ್ಕೆ ಮೀರಿದ ಪಂಪುಗಳು, ಚಕ್ರದ ಚಲನೆಯನ್ನು ಗುಡ್ಡದ ಮೇಲಣ ಪಂಪುಗಳಿಗೆ ಮುಟ್ಟಿಸಲು ಇಳಿಜಾರಿನುದ್ದಕ್ಕೂ ಕಿರುಗುಟ್ಟುತ್ತ ಹಿಂದುಮುಂದಾಗುವ ಸರಳುಗಳ ಸಾಲು. ಇಷ್ಟೆಲ್ಲದರ ಬಲದಿಂದ ನೀರು ಮೂರು ಹಂತಗಳಲ್ಲಿ ಸುಮಾರು ೧೬೦ ಮೀಟರ್ ಮೇಲೇರಿತು. ಏರಿತು ನಿಜ, ಆದರೆ ಆ ಯಂತ್ರವನ್ನು ನಿತ್ಯವೂ ರಿಪೇರಿ ಮಾಡುತ್ತಿರಲು ಒಂದು ಸಣ್ಣ ಸೇನೆಯೇ ಬೇಕಾಗಿತ್ತು. ಅದರ ಸದ್ದು ಸುತ್ತಲಿನವರ ನಿದ್ದೆಗೆಡಿಸಿತು. ಕಾಲಕ್ರಮದಲ್ಲಿ ಸವೆದು ಶಕ್ತಿಗುಂದಿ, ೧೮೧೭ರಲ್ಲಿ ಅದನ್ನು ಕಳಚಿಹಾಕಿದರು. ಅರಸನ ಬೊಕ್ಕಸವಿದ್ದವರಿಗೆ ಮಾತ್ರ ಸಲ್ಲುವ ವಿದ್ಯೆ ಅದು.

ಸಾಮಾನ್ಯನಿಗೆ ಸಲ್ಲುವ ವಿದ್ಯೆ ಹುಟ್ಟಿದ್ದು ಬೇರೆಯೇ ಒಂದು ಕಡೆಯಲ್ಲಿ. ಅದು ಹುಟ್ಟಿದ್ದು ಒಂದು ಉಪದ್ರವದಿಂದ.

ಉದ್ದವಾದ ಕೊಳವೆಯಲ್ಲಿ ನೀರು ರಭಸದಿಂದ ಹರಿಯುತ್ತಿರುವಾಗ ಥಟ್ಟನೆ ನಲ್ಲಿಯನ್ನು ಮುಚ್ಚಿದರೆ ಗೋಡೆಯೊಳಗಿನ ಕೊಳವೆ ‘ಧಡ್’ ಎಂದು ಬಡಿದುಕೊಳ್ಳುವುದನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಕೊಳವೆಯಲ್ಲಿದ್ದ ನೀರೆಲ್ಲ ಓಡುತ್ತಿದ್ದ ಗಾಡಿಯಂತೆ. ಅದನ್ನು ಒಮ್ಮೆಲೇ ತಡೆದಾಗ ಅದರ ವೇಗವು ಬೇರೆ ದಾರಿಯಿಲ್ಲದೆ ಒತ್ತಡವಾಗಿ ಮಾರ್ಪಟ್ಟು ಕೊಳವೆಯ ಗೋಡೆಯನ್ನೇ ಹಾಯುತ್ತದೆ. ಇದನ್ನು ಜಲಾಘಾತ ಎನ್ನೋಣ. ಸೀಸದ ಕೊಳವೆಗಳ ಕಾಲದಲ್ಲಿ ಇದೊಂದು ದೊಡ್ಡ ಪೀಡೆಯಾಗಿತ್ತು. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಥಾಮಸ್ ಯೂಬ್ಯಾಂಕ್ ಎಂಬಾತನು ನೀರೆತ್ತುವ ಯಂತ್ರಗಳ ಚರಿತ್ರೆಯನ್ನು ಕುರಿತು ೧೮೪೨ರಲ್ಲಿ ಒಂದು ಬೃಹದ್ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಒಂದು ಆಸ್ಪತ್ರೆಯ ಪ್ರಸಂಗ ಬರುತ್ತದೆ. ಮೇಲಣ ತೊಟ್ಟಿಯಿಂದ ಕೆಳಗಣ ಅಡಿಗೆಮನೆಗೆ ಎಳೆದಿದ್ದ ಸೀಸದ ಕೊಳವೆ ನಲ್ಲಿ ಮುಚ್ಚಿದಾಗಲೆಲ್ಲ ಒಡೆಯುತ್ತಿತ್ತಂತೆ. ಬೇಸತ್ತ ಕೆಲಸದವನು ನಲ್ಲಿಯ ಹಿಂದುಗಡೆ ಇನ್ನೊಂದು ಸಣ್ಣ ಕೊಳವೆಯನ್ನು ಬೆಸೆದು, ಅದರ ತುದಿಯನ್ನು ತೊಟ್ಟಿಯ ಮಟ್ಟದವರೆಗೆ ಏರಿಸಿ ತೆರೆದೇ ಬಿಟ್ಟನು. ಕೊಳವೆ ಒಡೆಯುವುದು ನಿಂತಿತು. ಆದರೆ ನಲ್ಲಿ ಮುಚ್ಚಿದಾಗಲೆಲ್ಲ ಆ ತುದಿಯಿಂದ ನೀರು ಚಿಮ್ಮತೊಡಗಿತು. ಅದನ್ನು ತಡೆಯಲೆಂದು ಕೊಳವೆಯನ್ನು ಇನ್ನಷ್ಟು ಎತ್ತರಿಸಿದನು, ಆಗಲೂ ಚಿಮ್ಮಿತು. ಕೊನೆಗೆ ಆ ನೀರಿಗಾಗಿ ಕಟ್ಟಡದ ಮೇಲ್ಭಾಗದಲ್ಲಿ ಒಂದು ತೊಟ್ಟಿಯನ್ನೇ ಇಟ್ಟು ಅದನ್ನು ಉಪಯೋಗಕ್ಕೆ ತೆಗೆದುಕೊಂಡರಂತೆ. ಕೆಲಸದವನ ಹೆಸರು ಉಳಿದಿಲ್ಲ. ಯಂತ್ರಗಳ ಚರಿತ್ರೆಯಲ್ಲಿ ಇಂಥ ಹೆಸರಿಲ್ಲದವರ ಪಾಲು ನಾವು ಎಣಿಸುವುದಕ್ಕಿಂತ ಬಹಳ ದೊಡ್ಡದು.

ಹೆಸರು ಉಳಿದವನು ಜಾನ್ ವೈಟ್‌ಹರ್ಸ್ಟ್. ೧೭೧೩ರಲ್ಲಿ ಚೆಷೈರ್ ಪ್ರಾಂತದ ಕಾಂಗಲ್ಟನ್ನಿನಲ್ಲಿ ಜನಿಸಿದ ಈತನು ಡರ್ಬಿಯಲ್ಲಿ ಗಡಿಯಾರಗಳನ್ನು ಮಾಡಿಕೊಂಡಿದ್ದವನು. ಭೂಮಿಯ ಪದರಗಳನ್ನು ಕುರಿತು ಗ್ರಂಥ ಬರೆದವನೂ ಹೌದು. ೧೭೭೨ರಲ್ಲಿ ಚೆಷೈರಿನ ಊಲ್ಟನ್ ಎಂಬಲ್ಲಿನ ಒಂದು ದೊಡ್ಡ ಮನೆತನಕ್ಕಾಗಿ ಈತನು ಒಂದು ಏರ್ಪಾಡನ್ನು ನಿರ್ಮಿಸಿದನು. ಊಟೆಯ ತೊಟ್ಟಿಯಿಂದ ಅಡಿಗೆಮನೆಯ ನಲ್ಲಿಗೆ ಸುಮಾರು ೬೦೦ ಅಡಿ ಉದ್ದದ ಕೊಳವೆ ಬರುತ್ತಿತ್ತು. ನಲ್ಲಿಯ ಹತ್ತಿರ ಒಂದು ಕವಾಟ, ಅದರ ಮೇಲೊಂದು ಗಾಳಿ ತುಂಬಿದ ಪಾತ್ರೆ, ಅಲ್ಲಿಂದ ಮೇಲಣ ತೊಟ್ಟಿಗೆ ಹೋಗುವ ಇನ್ನೊಂದು ಕೊಳವೆ. ಅಡಿಗೆಯವರು ನೀರು ಹಿಡಿದು ನಲ್ಲಿ ಮುಚ್ಚಿದಾಗಲೆಲ್ಲ ಜಲಾಘಾತದಿಂದ ಕವಾಟ ತೆರೆದು ಒಂದಿಷ್ಟು ನೀರು ಗಾಳಿಪಾತ್ರೆಗೆ ನುಗ್ಗುತ್ತಿತ್ತು. ಅದುಮಲ್ಪಟ್ಟ ಗಾಳಿ ಅದನ್ನು ಸುಮಾರು ೧೬ ಅಡಿ ಎತ್ತರಕ್ಕೆ ತಳ್ಳುತ್ತಿತ್ತು. ದಿನವಿಡೀ ಅಡಿಗೆಮನೆಯಲ್ಲಿ ನಲ್ಲಿ ತೆರೆದು ಮುಚ್ಚುತ್ತಲೇ ಇರುವುದರಿಂದ ಮೇಲಣ ತೊಟ್ಟಿ ಬರಿದಾಗುತ್ತಿರಲಿಲ್ಲ. ೧೭೭೫ರಲ್ಲಿ ಈತನು ಲಂಡನ್ನಿನ ರಾಯಲ್ ಸೊಸೈಟಿಗೆ ಇದರ ವರದಿಯನ್ನು ಒಪ್ಪಿಸಿದನು. ಪೀಡೆಯನ್ನು ಆಳಾಗಿ ದುಡಿಸಿಕೊಂಡ ಮೊದಲ ದಾಖಲೆ ಇದೇ ಎನ್ನಬೇಕು. ಆದರೆ ಒಂದು ಕೊರತೆ ಉಳಿದಿತ್ತು: ನಲ್ಲಿಯನ್ನು ತಿರುಗಿಸಲು ಮನುಷ್ಯನ ಕೈ ಬೇಕೇ ಬೇಕಾಗಿತ್ತು.

ಆ ಕೈಯನ್ನು ಬಿಡಿಸಿದವನು ಜೋಸೆಫ್ ಮಾಂಟ್‌ಗಾಲ್ಫಿಯರ್. ೧೭೮೩ರಲ್ಲಿ ತಮ್ಮನೊಡನೆ ಬಿಸಿಗಾಳಿಯ ಬೆಲೂನನ್ನು ಆಕಾಶಕ್ಕೇರಿಸಿ ಲೋಕವನ್ನು ಬೆರಗುಗೊಳಿಸಿದವನು ಈತನೇ. ಆನನೇ ಊರಿನ ಕಾಗದ ತಯಾರಕರ ಮನೆತನದವನು. ಕಾಗದದ ಕಾರ್ಖಾನೆಗೆ ನೀರು ಪ್ರಾಣ. ೧೭೯೬ರಲ್ಲಿ, ಆಲ್ಪ್ಸ್ ಪರ್ವತದ ಬುಡದಲ್ಲಿರುವ ವ್ವಾರೊನ್ ಎಂಬ ಊರಿನ ತನ್ನ ಕಾಗದದ ಗಿರಣಿಗೆ ನೀರೇರಿಸಲು ಈತನು ರಚಿಸಿದ ಯಂತ್ರದಲ್ಲಿ, ವೈಟ್‌ಹರ್ಸ್ಟನ ನಲ್ಲಿಯಿದ್ದ ಜಾಗದಲ್ಲಿ, ತಾನಾಗಿ ಮುಚ್ಚಿ ತಾನಾಗಿ ತೆರೆಯುವ ಒಂದು ಕವಾಟವಿತ್ತು. ಫ್ರೆಂಚರು ಇದನ್ನು ಟಗರು ಎಂದು ಕರೆದರು. ಇಂಗ್ಲಿಷರೂ ಅದೇ ಅರ್ಥದ ಹೆಸರನ್ನಿಟ್ಟರು. ನಮ್ಮವರ ಬಾಯಲ್ಲಿ ಅದು ಹೈಡ್ರಾಲಿಕ್ ರ‍್ಯಾಮ್ ಎಂದಾಗಿದೆ. ಟಗರು ಹಿಂದಕ್ಕೆ ಸರಿದು ಮುನ್ನುಗ್ಗಿ ಹಾಯುವಂತೆಯೇ ಈ ಯಂತ್ರದ ನೀರೂ ಒಮ್ಮೆ ಹಿಂಜರಿದು ಒಮ್ಮೆ ಹಾಯುತ್ತದೆಯಾದುದರಿಂದ ಹೆಸರು ಅನ್ವರ್ಥವಾಗಿದೆ. ಈ ಲೇಖನದ ಮಟ್ಟಿಗೆ ನಾವು ಅದನ್ನು ಜಲಟಗರು ಎಂದು ಕರೆಯುತ್ತೇವೆ.

ಅದು ನಡೆಯುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ತೋಡಿನ ಮೇಲ್ಗಡೆಯಿಂದ ಗಟ್ಟಿಯಾದ ಕಬ್ಬಿಣದ ಕೊಳವೆಯೊಂದು ಇಳಿಜಾರಾಗಿ ಯಂತ್ರಕ್ಕೆ ಬರುತ್ತದೆ. ಯಂತ್ರದಲ್ಲಿ ಎರಡು ಕವಾಟಗಳು, ನಾವು ದಿನಬಳಕೆಯಲ್ಲಿ ವಾಲ್ವು ಎನ್ನುವಂಥವು. ಮೊದಲನೆಯದು ಸಾಮಾನ್ಯವಾಗಿ ತೆರೆದೇ ಇರುತ್ತದೆ. ಬಂದ ನೀರು ಅದರ ಮೂಲಕ ಹೊರಕ್ಕೆ ಚೆಲ್ಲಿಹೋಗುತ್ತದೆ. ಚೆಲ್ಲುತ್ತ ಚೆಲ್ಲುತ್ತ ನೀರಿನ ವೇಗ ಹೆಚ್ಚಿ, ಒಂದು ಹಂತದಲ್ಲಿ ಆ ರಭಸವೇ ಕವಾಟವನ್ನು ಎತ್ತಿ ಫಕ್ಕನೆ ಮುಚ್ಚಿಬಿಡುತ್ತದೆ. ಕೊಳವೆಯಲ್ಲಿ ಓಡಿಬರುತ್ತಿದ್ದ ನೀರಿಗೆ ಹೋಗಲು ದಾರಿಯಿಲ್ಲದಾಗಿ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಎರಡನೆಯ ಕವಾಟ ತೆರೆದುಕೊಂಡು ಒಂದು ಗುಟುಕು ನೀರು ವಾಯುಕೋಶದೊಳಕ್ಕೆ ನುಗ್ಗುತ್ತದೆ. ಅಷ್ಟಕ್ಕೆ ರಭಸ ತಣಿದು ನೀರು ಕ್ಷಣಕಾಲ ಹಿಂಜರಿಯುತ್ತದೆ. ಎರಡನೆಯ ಕವಾಟ ಮುಚ್ಚುತ್ತದೆ, ಮೊದಲನೆಯದು ಮತ್ತೆ ತೆರೆಯುತ್ತದೆ. ನಿಮಿಷಕ್ಕೆ ನಲ್ವತ್ತರಿಂದ ಅರುವತ್ತು ಸಲ, ಹಗಲೂ ಇರುಳೂ, ಇದೇ ಬಡಿತ. ವಾಯುಕೋಶದ ಗಾಳಿಯು ಈ ಗುಟುಕುಗಳನ್ನು ಕೂಡಿಸಿ ಎಡೆಬಿಡದ ಸಣ್ಣ ಧಾರೆಯಾಗಿ ಗುಡ್ಡದ ಮೇಲಕ್ಕೆ ದೂಡುತ್ತದೆ. ಆ ಗಾಳಿ ದಿನಕಳೆದಂತೆ ನೀರಿನಲ್ಲಿ ಕರಗಿಹೋಗುವುದುಂಟು. ಆದುದರಿಂದ ಪ್ರತಿ ಹಿಂಜರಿತದಲ್ಲೂ ಒಂದು ಗುಳ್ಳೆ ಗಾಳಿಯನ್ನು ಒಳಗೆಳೆದುಕೊಳ್ಳುವಂತೆ ಎರಡನೆಯ ಕವಾಟದ ಕೆಳಗೆ ಸೂಜಿಮೊನೆಯಷ್ಟು ರಂಧ್ರವನ್ನಿಡುತ್ತಾರೆ. ಈ ರಂಧ್ರ ಕಟ್ಟಿಕೊಂಡರೆ ಕೆಲವು ದಿನಗಳಲ್ಲಿ ವಾಯುಕೋಶ ನೀರು ತುಂಬಿ, ಯಂತ್ರವು ಸುತ್ತಿಗೆಯಂತೆ ತನ್ನನ್ನೇ ತಾನು ಬಡಿದುಕೊಂಡು ಹಾಳಾಗುತ್ತದೆ. ಇಡೀ ಯಂತ್ರದಲ್ಲಿ ಚಲಿಸುವ ಭಾಗಗಳು ಆ ಎರಡು ಕವಾಟಗಳು ಮಾತ್ರ. ಮಾರ್ಲಿಯ ಇನ್ನೂರು ಪಂಪುಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ, ಇದರ ಸರಳತೆ ಎಷ್ಟು ದೊಡ್ಡ ಸಾಧನೆಯೆಂಬುದು ತಿಳಿದೀತು.

ಯಾರು ಮೊದಲು ಕಂಡುಹಿಡಿದರೆಂಬ ಜಗಳ ಇಲ್ಲಿಯೂ ತಪ್ಪಲಿಲ್ಲ. ಈ ಯಂತ್ರ ಇಂಗ್ಲೆಂಡಿನಿಂದ ಬಂದದ್ದಲ್ಲ, ಸಂಪೂರ್ಣವಾಗಿ ಫ್ರಾನ್ಸಿನದು, ತಾನೊಬ್ಬನೇ ಅದರ ಕರ್ತೃ ಎಂದು ಮಾಂಟ್‌ಗಾಲ್ಫಿಯರನು ಪತ್ರಿಕೆಯಲ್ಲಿ ಘೋಷಿಸಿದನು. ವೈಟ್‌ಹರ್ಸ್ಟನು ೧೭೮೮ರಲ್ಲೇ ತೀರಿಕೊಂಡಿದ್ದುದರಿಂದ ಅವನಿಂದ ಮರುನುಡಿ ಬರುವಂತಿರಲಿಲ್ಲ. ಇದರಲ್ಲಿ ಒಂದು ಸ್ವಾರಸ್ಯವಿದೆ. ೧೭೯೭ರಲ್ಲಿ ಮಾಂಟ್‌ಗಾಲ್ಫಿಯರನ ಪರವಾಗಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದವನು ಜೇಮ್ಸ್ ವಾಟನ ಪಾಲುದಾರನಾದ ಮ್ಯಾಥ್ಯೂ ಬೋಲ್ಟನ್. ಈ ಬೋಲ್ಟನನೂ ವೈಟ್‌ಹರ್ಸ್ಟನೂ ಬರ್ಮಿಂಗ್‌ಹ್ಯಾಮಿನ ಲೂನಾರ್ ಸೊಸೈಟಿ ಎಂಬ ಒಂದೇ ಗೋಷ್ಠಿಯಲ್ಲಿ ಕೂಡಿ ಕುಳಿತಿದ್ದ ಗೆಳೆಯರು. ನಮ್ಮ ಅಭಿಪ್ರಾಯದಲ್ಲಿ ಇಬ್ಬರ ಕೀರ್ತಿಗೂ ಜಾಗವಿದೆ. ಆಘಾತವನ್ನು ಕೆಲಸಕ್ಕೆ ಹಚ್ಚಿದವನು ಒಬ್ಬ, ಕೆಲಸವನ್ನು ಕೈಯಿಂದ ಬಿಡಿಸಿದವನು ಇನ್ನೊಬ್ಬ. ಗುಡ್ಡದ ಮನೆಯವನ ದೃಷ್ಟಿಯಿಂದ ನೋಡಿದರೆ ಎರಡನೆಯದೇ ಹೆಚ್ಚಿನದು. ರಾತ್ರಿಯೆಲ್ಲ ತೋಡಿನ ಬದಿಯಲ್ಲಿ ನಲ್ಲಿ ತಿರುಗಿಸುತ್ತ ಯಾರು ಕೂರುತ್ತಾರೆ?

ಮಾಂಟ್‌ಗಾಲ್ಫಿಯರನ ಮಕ್ಕಳು ೧೮೧೬ರಲ್ಲಿ ಸುಧಾರಿತ ಯಂತ್ರಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದರು. ಸಾಮರ್ಸೆಟ್ಟಿನ ಜೊಸಾಯ ಈಸ್ಟನ್ ಎಂಬ ಯಂತ್ರಶಿಲ್ಪಿ ೧೮೨೦ರಲ್ಲಿ ಆ ಹಕ್ಕನ್ನು ಕೊಂಡುಕೊಂಡನು. ಅವನ ಮಗನ ಕಾಲಕ್ಕೆ ಅದೊಂದು ಹೆಸರಾಂತ ಸಂಸ್ಥೆಯಾಗಿ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಇಂಗ್ಲೆಂಡಿನ ಹಳ್ಳಿಗಾಡಿನ ಬಂಗಲೆಗಳಿಗೆ, ತೋಟದ ಮನೆಗಳಿಗೆ, ದನದ ಕೊಟ್ಟಿಗೆಗಳಿಗೆ ಜಲಟಗರು ನೀರೇರಿಸಿತು. ಅಮೆರಿಕದಲ್ಲಿ ೧೮೦೯ರಲ್ಲೇ ಪೇಟೆಂಟು ನೀಡಲ್ಪಟ್ಟಿದ್ದರೂ ಅದು ಬಳಕೆಗೆ ಬಂದದ್ದು ಕೆಲವು ದಶಕಗಳ ಅನಂತರ.

ಯಂತ್ರವು ಇಷ್ಟೆಲ್ಲ ಓಡಾಡುತ್ತಿದ್ದರೂ ಅದರೊಳಗೆ ನಡೆಯುವುದೇನೆಂಬುದು ಬಹುಕಾಲ ಸರಿಯಾಗಿ ತಿಳಿದಿರಲಿಲ್ಲ. ಬರ್ಲಿನ್ನಿನ ಐಟೆಲ್‌ವೈನ್ ಎಂಬ ವಿದ್ವಾಂಸನು ತಾಳ್ಮೆಯಿಂದ ಪ್ರಯೋಗದ ಮೇಲೆ ಪ್ರಯೋಗ ನಡೆಸಿ ೧೮೦೫ರಲ್ಲಿ ಒಂದು ಪುಸ್ತಕವನ್ನೇ ಬರೆದನು; ಕೊಳವೆ ಎಷ್ಟುದ್ದವಿರಬೇಕು, ಎಷ್ಟು ಬೀಳಿಗೆ ಎಷ್ಟು ಏರು ಎಂಬ ಸೂತ್ರಗಳು ಹೀಗೆ ಅನುಭವದಿಂದ ಬಂದವು. ಜಲಾಘಾತದ ನಿಜವಾದ ಗಣಿತವನ್ನು ಕೊಟ್ಟವನು ರಷ್ಯದ ನಿಕೊಲಾಯ್ ಝುಕೋವ್‌ಸ್ಕಿ. ಮಾಸ್ಕೋ ನಗರದ ನೀರಿನ ಕೊಳವೆಗಳಲ್ಲಿ ೧೮೯೭-೯೮ರಲ್ಲಿ ನಡೆಸಿದ ಪ್ರಯೋಗಗಳಿಂದ ಆತನು ತೋರಿಸಿದ್ದೇನೆಂದರೆ, ನೀರನ್ನು ಥಟ್ಟನೆ ತಡೆದಾಗ ಒತ್ತಡವು ಕೊಳವೆಯಲ್ಲಿ ಅಲೆಯಾಗಿ, ನೀರಿನೊಳಗಣ ಶಬ್ದದ ವೇಗಕ್ಕೆ ಸಮೀಪವಾದ ವೇಗದಲ್ಲಿ ಓಡುತ್ತದೆ. ಕಬ್ಬಿಣದ ಕೊಳವೆಯಲ್ಲಿ ಅದು ಸೆಕೆಂಡಿಗೆ ಸಾವಿರ ಮೀಟರಿಗೂ ಮಿಗಿಲು. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿಯುವ ನೀರು ಒಮ್ಮೆಲೇ ನಿಂತರೆ, ನೂರು ಮೀಟರಿಗೂ ಮಿಕ್ಕಿದ ಎತ್ತರದ ನೀರಿನ ಕಂಬಕ್ಕೆ ಸಮನಾದ ಒತ್ತಡ ಹುಟ್ಟುತ್ತದೆ. ಹತ್ತಡಿ ಬೀಳುವ ತೋಡು ಮುನ್ನೂರಡಿ ಏರುವ ಗುಟ್ಟು ಇದು. ಕೊಳವೆ ಮೆತ್ತಗಿದ್ದರೆ ಆ ಅಲೆ ಮಂದವಾಗುತ್ತದೆ. ಇಳಿಕೊಳವೆ ಕಬ್ಬಿಣದ್ದೇ ಆಗಬೇಕೆಂಬ ಹಟಕ್ಕೆ ಕಾರಣವೂ ಇದೇ. ಝುಕೋವ್‌ಸ್ಕಿಯು ವಿಮಾನಶಾಸ್ತ್ರದ ಆಚಾರ್ಯಪುರುಷರಲ್ಲಿ ಒಬ್ಬನೆಂದು ಪ್ರಖ್ಯಾತನು. ಬೆಲೂನು ಹಾರಿಸಿದವನು ಕಟ್ಟಿದ ಯಂತ್ರವನ್ನು ವಿಮಾನದ ಗಣಿತಜ್ಞನು ವಿವರಿಸಿದನು. ನೀರಿನ ಈ ಕಥೆಯ ಎರಡು ತುದಿಗಳನ್ನೂ ಗಾಳಿಯ ಮನುಷ್ಯರೇ ಹಿಡಿದಿರುವುದು ಒಂದು ಸೋಜಿಗ.

ಡೀಸೆಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಬಂದ ಮೇಲೆ ಜಲಟಗರು ಮೂಲೆ ಸೇರಿತು. ಗುಂಡಿಯೊತ್ತಿದರೆ ಬೇಕಾದಷ್ಟು ನೀರು ಚಿಮ್ಮುವಾಗ, ಗುಟುಕುಗುಟುಕಾಗಿ ಏರಿಸುವ ಯಂತ್ರ ಯಾರಿಗೆ ಬೇಕು? ೧೯೭೩ರಲ್ಲಿ ಎಣ್ಣೆಯ ಬೆಲೆ ಏರಿದಾಗ ಅದನ್ನು ಮತ್ತೆ ನೆನೆಸಿಕೊಂಡರು. ಸಾಮಾನ್ಯ ಅಂಗಡಿಯಲ್ಲಿ ಸಿಕ್ಕುವ ಪೈಪಿನ ತುಂಡುಗಳಿಂದಲೇ ಅದನ್ನು ಕಟ್ಟುವ ಬಗೆಯನ್ನು ತಿಳಿಸುವ ಕೈಪಿಡಿ ೧೯೭೫ರಲ್ಲಿ ಲಂಡನ್ನಿನಿಂದ ಹೊರಬಂದಿತು. ಮುಂದೆ ವಾರ್ವಿಕ್ ವಿಶ್ವವಿದ್ಯಾನಿಲಯದವರು ಬಡದೇಶಗಳ ಹಳ್ಳಿಗಳಿಗೆಂದೇ ಅಗ್ಗದ ಮಾದರಿಗಳನ್ನು ರೂಪಿಸಿದರು. ನಮ್ಮ ದೇಶದಲ್ಲಿ ಹಿಮಾಲಯದ ತಪ್ಪಲಿನ ಉತ್ತರಾಖಂಡದಲ್ಲಿ, ಸಣ್ಣ ನೀರಾವರಿ ಇಲಾಖೆಯ ಕಾಮಗಾರಿಗಳ ಪಟ್ಟಿಯಲ್ಲಿ ಗೂಲ್ ಎಂಬ ಕಾಲುವೆ, ಹೌಜ್ ಎಂಬ ತೊಟ್ಟಿ ಇವುಗಳ ಜೊತೆಗೆ ಹೈಡ್ರಮ್ ಎಂಬ ಹೆಸರಿನಲ್ಲಿ ಇದೂ ಸೇರಿದೆ.

ಆದರೆ ಈ ಪುನರುಜ್ಜೀವನದಲ್ಲಿ ನಮಗೆ ಎಲ್ಲಕ್ಕಿಂತ ಬೋಧಪ್ರದವಾಗಿ ಕಾಣುವುದು ಫಿಲಿಪೈನ್ಸಿನ ನೀಗ್ರೋಸ್ ದ್ವೀಪದ ಕಥೆ. ಅಲ್ಲಿನ ಎಐಡಿಎಫ್‌ಐ ಎಂಬ ಸಂಸ್ಥೆಯವರು ಗುಡ್ಡದ ಮೇಲಣ ಹಳ್ಳಿಗಳಿಗಾಗಿ ಜಲಟಗರನ್ನು ಹೊಸದಾಗಿ ರೂಪಿಸಿದರು. ಎರಕ ಹೊಯ್ದ ಭಾಗಗಳನ್ನು ಬಿಟ್ಟು, ಪೇಟೆಯಲ್ಲಿ ಸಿಗುವ ಪೈಪುಗಳನ್ನು ಬೆಸೆದು, ಕವಾಟಕ್ಕೆ ಬಾಗಿಲಿನ ಸಾಮಾನ್ಯ ತಿರುಗಣಿಯನ್ನೂ ರಬ್ಬರಿನ ತುಂಡನ್ನೂ ಬಳಸಿದರು. ಯಂತ್ರವನ್ನು ಕೂರಿಸಿ ಹೊರಟುಹೋಗದೆ, ಆಯಾ ಹಳ್ಳಿಯವರನ್ನೇ ಅದರ ರಿಪೇರಿಗೆ ತರಬೇತುಗೊಳಿಸಿದರು. ನೀರಿನ ಸಂಘವನ್ನು ಕಟ್ಟಿಸಿದರು. ೨೦೦೭ರಲ್ಲಿ ಅವರಿಗೆ ಇಂಗ್ಲೆಂಡಿನ ಆಶ್ಡೆನ್ ಪ್ರಶಸ್ತಿಯೂ ೨೦೧೧ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿಯೂ ಸಂದುವು. ಇನ್ನೂರು ವರ್ಷಗಳ ಚರಿತ್ರೆಯಿರುವ ಯಂತ್ರಕ್ಕೆ ಅವರು ಸೇರಿಸಿದ ಹೊಸತು ಬಾಗಿಲಿನ ಒಂದು ತಿರುಗಣಿ. ಅದು ಸಣ್ಣದೆಂದು ನಾವು ತಿಳಿಯುವುದಿಲ್ಲ. ಕವಾಟದ ರಬ್ಬರು ಸವೆದಾಗ, ಎಲೆ ಸಿಕ್ಕಿಕೊಂಡು ಬಡಿತ ನಿಂತಾಗ, ಊರಿನಲ್ಲಿ ಸಿಗುವ ವಸ್ತುವಿನಿಂದ ಊರಿನವನೇ ಅದನ್ನು ಸರಿಪಡಿಸಬಲ್ಲನೇ ಎಂಬುದರ ಮೇಲೆಯೇ ಇಂಥ ಯಂತ್ರದ ಆಯುಸ್ಸು ನಿಂತಿದೆ.

ಇನ್ನು ನಮ್ಮ ಗುಡ್ಡಗಳ ಮಾತು. ಜಲಟಗರಿನ ಹೆಸರು ಕೇಳಿದೊಡನೆ ಖರ್ಚಿಲ್ಲದೆ ತೋಟವೆಲ್ಲ ತೋಯುವುದೆಂದು ಹಿಗ್ಗುವವರಿದ್ದಾರೆ. ನೂರರಲ್ಲಿ ತೊಂಬತ್ತು ಪಾಲು ನೀರನ್ನು ಚೆಲ್ಲುವ ಯಂತ್ರವೆಂದು ಹಳಿಯುವವರೂ ಇದ್ದಾರೆ. ಲೆಕ್ಕ ಹಾಕಿ ನೋಡುವುದೇ ಮೇಲು. ಒಂದು ತೋಡಿನಲ್ಲಿ ನಿಮಿಷಕ್ಕೆ ೬೦ ಲೀಟರ್ ನೀರು ಯಂತ್ರಕ್ಕೆ ದೊರೆಯುತ್ತದೆ, ೩ ಮೀಟರ್ ಬೀಳು ಇದೆ, ೩೦ ಮೀಟರ್ ಏರಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಸೋರಿಕೆ ಸವೆತಗಳನ್ನು ಕಳೆದು ನೂರಕ್ಕೆ ೬೦ರಷ್ಟು ಫಲ ಸಿಕ್ಕಿತೆಂದರೆ, ನಿಮಿಷಕ್ಕೆ ೩.೬ ಲೀಟರ್ ಮೇಲೇರುತ್ತದೆ. ಕೇಳುವುದಕ್ಕೆ ಇದು ಅಲ್ಪವೇ. ಆದರೆ ಯಂತ್ರಕ್ಕೆ ನಿದ್ದೆಯಿಲ್ಲವಾದುದರಿಂದ ದಿನಕ್ಕೆ ೫೧೮೪ ಲೀಟರ್ ಆಗುತ್ತದೆ. ಒಬ್ಬರಿಗೆ ದಿನಕ್ಕೆ ೫೫ ಲೀಟರ್ ಎಂಬುದು ಜಲ ಜೀವನ್ ಮಿಷನ್ನಿನ ಅಳತೆ; ಆ ಪ್ರಕಾರ ೯೪ ಜನರಿಗೆ ಇದು ಸಾಕು. ಐದೈದು ಮಂದಿಯ ಹದಿನೆಂಟು ಮನೆಗಳ ಕೊಡಪಾನಗಳು ಸೊಂಟದಿಂದ ಇಳಿಯುತ್ತವೆ.

ಅದ���ೇ ಅಡಕೆತೋಟಕ್ಕೆ ತಿರುಗಿಸಿದರೆ ಚಿತ್ರ ಬೇರೆಯಾಗುತ್ತದೆ. ನಮ್ಮ ಕಾಸರಗೋಡಿನಲ್ಲೇ ಇರುವ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯವರು ಬೇಸಗೆಯಲ್ಲಿ ಮರವೊಂದಕ್ಕೆ ಮೂರರಿಂದ ಐದು ದಿನಗಳಿಗೊಮ್ಮೆ ೧೭೫ ಲೀಟರ್ ನೀರುಣಿಸುವಂತೆ ಹೇಳುತ್ತಾರೆ. ನಾಲ್ಕು ದಿನಗಳಿಗೊಮ್ಮೆ ಎಂದು ಹಿಡಿದರೆ ನಮ್ಮ ಜಲಟಗರು ಸಲಹಬಲ್ಲುದು ೧೧೮ ಮರಗಳನ್ನು. ಎಂದರೆ ಎಕರೆಯ ಐದನೆಯ ಒಂದು ಪಾಲಿಗೂ ಅದು ಸರಿಯಾಗಿ ಸಾಲದು ಅಥವಾ ಕಷ್ಟದಿಂದ ಸಾಲುತ್ತದೆ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ ೨೦ ಲೀಟರ್ ಸಾಕೆನ್ನುವುದಾದರೆ ೨೫೯ ಮರ, ಸುಮಾರು ಅರ್ಧ ಎಕರೆ. ಆದುದರಿಂದ ಕುಡಿಯುವ ನೀರಿಗೆ ಇದು ವರವೂ ತೋಟಕ್ಕೆ ಕೇವಲ ಕೈನೆರವೂ ಆದೀತೆಂದು ನಾವು ಎಣಿಸುತ್ತೇವೆ. ಎರಡು ಮೂರು ಟಗರುಗಳನ್ನು ಸಾಲಾಗಿ ಕಟ್ಟುವುದುಂಟು. ಆದರೆ ತೋಡಿನಲ್ಲಿ ಅಷ್ಟು ನೀರೂ ಇರಬೇಕಷ್ಟೆ.

ಚೆಲ್ಲಿಹೋಗುವ ನೀರಿನ ಆಕ್ಷೇಪಕ್ಕೆ ಹೆಚ್ಚು ತೂಕವಿಲ್ಲ. ಆ ಐವತ್ತಾರು ಲೀಟರ್ ಎಲ್ಲಿಗೂ ಹೋಗುವುದಿಲ್ಲ; ಯಂತ್ರದ ಕಾಲಬುಡದಿಂದಲೇ ಮತ್ತೆ ತೋಡನ್ನು ಸೇರುತ್ತದೆ. ಕೆಳಗಿನ ತೋಟದವರಿಗೆ ಕಡಿಮೆಯಾಗುವುದು ನಿಮಿಷಕ್ಕೆ ಮೂರೂವರೆ ಲೀಟರ್ ಮಾತ್ರ. ತೋಡಿಗೆ ನೇರವಾಗಿ ದೊಡ್ಡ ಮೋಟಾರನ್ನಿಟ್ಟು ಒಂದೇ ಗಳಿಗೆಯಲ್ಲಿ ಗುಂಡಿಯನ್ನು ಬರಿದು ಮಾಡುವ ಮೇಲಿನವನಿಗೂ ಬರಿಗೈಯಲ್ಲಿ ಉಳಿಯುವ ಕೆಳಗಿನವನಿಗೂ ಏಳುವ ವ್ಯಾಜ್ಯಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತಾದೀತು.

ನಿಜವಾದ ತೊಡಕು ಬೇರೆಯಿದೆ. ಇಂಗ್ಲೆಂಡಿನ ಊಟೆ ವರ್ಷವಿಡೀ ಹೆಚ್ಚುಕಡಮೆ ಒಂದೇ ಸಮನೆ ಹರಿಯುತ್ತದೆ; ವ್ವಾರೊನ್ನಿನ ಹೊಳೆಗೆ ಆಲ್ಪ್ಸಿನ ಬೆಟ್ಟಗಳ ಬೆಂಬಲವಿದೆ. ನಮ್ಮ ತೋಡು ಆಟಿಯಲ್ಲಿ ಬಂಡೆಗಳನ್ನೇ ಉರುಳಿಸುತ್ತದೆ, ಪಗ್ಗುವಿನಲ್ಲಿ ಬೆರಳುಗಾತ್ರದ ಧಾರೆಯಾಗುತ್ತದೆ. ನೀರು ಬೇಡವಾದಾಗ ಟಗರಿಗೆ ಎಲ್ಲಿಲ್ಲದ ಬಲ, ಬೇಕಾದಾಗ ಬಲವಿಲ್ಲ. ನಿಮಿಷಕ್ಕೆ ೬೦ ಲೀಟರ್ ಎಂಬುದು ಸೆಕೆಂಡಿಗೆ ಒಂದು ಲೀಟರ್. ಏಪ್ರಿಲ್ ತಿಂಗಳಲ್ಲಿ ಅಷ್ಟನ್ನು ಕೊಡದ ತೋಡುಗಳು ನಮ್ಮಲ್ಲಿ ಬೇಕಾದಷ್ಟಿವೆ. ಇಲ್ಲಿ ನಮ್ಮ ಹಿರಿಯರ ಕಟ್ಟವೇ ನೆರವಿಗೆ ಬರಬೇಕು. ಮಳೆ ನಿಂತೊಡನೆ ಕಟ್ಟ ಕಟ್ಟುವ ಪದ್ಧತಿ ಮುಂದುವರಿದ ಕಡೆ ತೋಡಿನ ಹರಿವೂ ಹೆಚ್ಚು ದಿನ ಬಾಳುತ್ತದೆ, ನೀರಿನ ಮಟ್ಟ ಮೇಲೇರಿ ಯಂತ್ರಕ್ಕೆ ಬೇಕಾದ ಬೀಳೂ ಅಲ್ಲಿಯೇ ಒದಗುತ್ತದೆ. ಒಂದು ಮೀಟರ್ ಎತ್ತರದ ಕಟ್ಟ, ಅದರ ಕೆಳಗೆ ಸಹಜವಾದ ಎರಡು ಮೀಟರ್ ಇಳಿಜಾರು. ಮೇಲಣ ಲೆಕ್ಕದ ಮೂರು ಮೀಟರ್ ಹೀಗೆ ಕೂಡಿಬರುತ್ತದೆ. ಮಳೆಗಾಲದ ಮೊದಲ ನೆರೆಗೆ ಕಟ್ಟ ಬಿಚ್ಚುವಾಗ ಯಂತ್ರವನ್ನೂ ಬಿಚ್ಚಿ ಅಟ್ಟಕ್ಕೇರಿಸುವಂತೆ, ಕಲ್ಲಿಗೆ ಕೂರಿಸಿದ ತಿರುಪುಗಳ ಮೇಲೆ ಅದನ್ನು ನಿಲ್ಲಿಸಬೇಕು. ಹಾಗಿಲ್ಲದೆ ಶಾಶ್ವತವಾಗಿ ಕೂರಿಸಿದ್ದು ಒಂದೇ ಆಟಿಗೆ ಚಂದ್ರಗಿರಿ ಹೊಳೆಯನ್ನು ಕಂಡೀತು. ಎಲೆಕಸ ಒಳಹೋಗದಂತೆ ಕೊಳವೆಯ ಬಾಯಿಗೆ ಜಾಲರಿ ಬೇಕು. ವಾರಕ್ಕೊಮ್ಮೆ ಅದನ್ನು ಕೆರೆದು ತೆಗೆಯುವವನೊಬ್ಬನು ಗೊತ್ತಾಗಿರಬೇಕು. ಮೇಲೊಂದು ತೊಟ್ಟಿ ಇರಲೇಬೇಕು. ಇರುಳಿನಲ್ಲಿ ಏರಿದ ನೀರು ನಿಲ್ಲಬೇಕಾದುದು ಅಲ್ಲಿಯೇ.

ಇಂಥ ಯಂತ್ರವನ್ನು ಕೂರಿಸುವ ಯೋಚನೆಯುಳ್ಳವರು ಮೊದಲು ತಿಳಿಯಬೇಕಾದುದು ಮೂರು ಅಳತೆಗಳು: ಹರಿವು, ಬೀಳು, ಏರು. ಗೊತ್ತಾದ ಗಾತ್ರದ ಒಂದು ಕೊಡಪಾನ ತುಂಬಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಗಡಿಯಾರ ನೋಡಿದರೆ ಹರಿವು ತಿಳಿಯುತ್ತದೆ. ನೀರು ತುಂಬಿದ ಪಾರದರ್ಶಕವಾದ ಸಣ್ಣ ನಳಿಗೆಯನ್ನು ಗಾರೆ ಕೆಲಸದವರು ಮಟ್ಟ ನೋಡುವಂತೆ ಹಿಡಿದು ಹಂತಹಂತವಾಗಿ ಏರುತ್ತ ಹೋದರೆ ಉಳಿದೆರಡೂ ತಿಳಿಯುತ್ತವೆ. ಇಬ್ಬರಿಗೆ ಒಂದು ಅಪರಾಹ್ನದ ಕೆಲಸ. ಅಳೆಯುವ ಕಾಲ ಮಾತ್ರ ಪಗ್ಗು ತಿಂಗಳೇ ಆಗಬೇಕು, ಮೊದಲ ಮಳೆ ಬೀಳುವುದಕ್ಕೆ ಮುಂಚೆ.